ರಾಜ್ಯ ಫುಟ್‌ಬಾಲ್ ಸಂಸ್ಥೆಯ ಚರಿತ್ರೆಯನ್ನು ನಾನು ಹೊಂದಿಸಿದ ಬಗೆ

ಅಶೋಕನಗರದ ಸ್ಟೇಡಿಯಂಗೆ ಲೀಗ್ ಮ್ಯಾಚ್ ನೋಡಲು ಬರುವ ಹುಡುಗರಿಗೆ ಬೆಂಗಳೂರು ಎಫ್‌ಸಿ ಗೊತ್ತು, ಸುನಿಲ್ ಛೆಟ್ರಿ ಗೊತ್ತು. ಆ ಕ್ಲಬ್ ಹುಟ್ಟಿದ್ದು 2013ರಲ್ಲಿ. ಅದಕ್ಕೂ ಮೊದಲು ಇಲ್ಲಿ ಎಂಥೆಂಥ ಆಟಗಾರರಿದ್ದರು ಅನ್ನುವುದು ಅವರ ಕಿವಿಗೆ ಬಿದ್ದೇ ಇಲ್ಲ. ಅದಕ್ಕಾಗಿಯೇ ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯ ಚರಿತ್ರೆ ಬರೆಯಲು ಕೂತೆ. ನಾನು ಇತಿಹಾಸ ಓದಿದವನಲ್ಲ, ಒಂದು ಚಿಕ್ಕ ಲೀಗ್ ಕ್ಲಬ್ಬಿನ ಕಾರ್ಯದರ್ಶಿಯಾಗಿದ್ದವನು. ಹಾಗಾಗಿ ಆಟದ ಕಡೆಯಿಂದಲೇ ಹೊರಟೆ.

ಅಧ್ಯಕ್ಷರ, ಪದಾಧಿಕಾರಿಗಳ ಪಟ್ಟಿಯನ್ನು ಕೊನೆಗೆ ಇಟ್ಟುಕೊಂಡೆ. ಮೊದಲು ಹಿಡಿದದ್ದು ರಾಜ್ಯ ರಾಜ್ಯಗಳ ತಂಡಗಳು ಆಡುವ ರಾಷ್ಟ್ರೀಯ ಟೂರ್ನಿ, ಸಂತೋಷ್ ಟ್ರೋಫಿ. ಆ ಟೂರ್ನಿಗೆ ತಂಡ ಆರಿಸಿ ಕಳಿಸುವುದು ರಾಜ್ಯ ಸಂಸ್ಥೆಯೇ ಅಲ್ವಾ? 1941ರಲ್ಲಿ ಶುರುವಾದ ಟೂರ್ನಿಯನ್ನು ನಮ್ಮವರು 1946-47, 1952-53, 1967-68, 1968-69ರಲ್ಲಿ ಗೆದ್ದರು. ನಾಲ್ಕು ಸಲವೂ ಫೈನಲ್‌ನಲ್ಲಿ ಸೋಲಿಸಿದ್ದು ಬಂಗಾಳವನ್ನು. ಒಂದೊಂದು ಗೆಲುವಿಗೂ ನೋಟ್‌ಬುಕ್ಕಿನಲ್ಲಿ ಬೇರೆ ಬೇರೆ ಪುಟ ಬಿಟ್ಟು, ಸಿಕ್ಕಿದ್ದನ್ನೆಲ್ಲ ಅಲ್ಲೇ ಬರೆಯುತ್ತಾ ಹೋದೆ.

ಹುಡುಕುವವರಿಗೆ ಒಂದು ಮಾತು. ಈ ನಾಲ್ಕೂ ಗೆಲುವು ಸಿಗುವುದು ಮೈಸೂರು ತಂಡದ ಹೆಸರಲ್ಲಿ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದದ್ದು 1973ರ ನವೆಂಬರ್ 1ರಂದು. ಮೊದಲ ಟ್ರೋಫಿ ಬಂದಾಗ ಮಹಾರಾಜರ ಆಳ್ವಿಕೆ ಇತ್ತು. ಮೂರನೆಯದು ಬರುವ ಹೊತ್ತಿಗೆ 1956ರ ಏಕೀಕರಣ ಆಗಿ, ಹುಬ್ಬಳ್ಳಿ, ಕಲಬುರಗಿ, ಮಂಗಳೂರು ಎಲ್ಲ ಒಳಗೆ ಬಂದಿದ್ದವು. ಇಸವಿಯ ಪಕ್ಕದಲ್ಲಿ ಆಗಿನ ರಾಜ್ಯದ ಗಡಿಯನ್ನೂ ಬರೆದಿಟ್ಟುಕೊಂಡಿದ್ದರಿಂದ ಗೊಂದಲ ಕಡಿಮೆಯಾಯಿತು. ಪತ್ರಿಕೆಗಳ ಮಟ್ಟಿಗೆ, ‘ಪ್ರಜಾವಾಣಿ’ ಶುರುವಾದದ್ದೇ 1948ರಲ್ಲಿ. ಅದಕ್ಕೂ ಹಿಂದಿನ ಸುದ್ದಿಗೆ ಮದ್ರಾಸಿನ ‘ದಿ ಹಿಂದೂ’ ತಿರುವಬೇಕು.

ಅತಿ ಜಾಸ್ತಿ ಸಿಕ್ಕಿದ್ದು ಮಾತ್ರ ಹಲಸೂರು, ಗೌತಮಪುರ, ಆಸ್ಟಿನ್ ಟೌನ್ ಕಡೆಯ ಹಿರಿಯರಿಂದ. ತುಂಬಾ ಜನರ ಮನೆಮಾತು ತಮಿಳು, ಇಲ್ಲವೇ ಉರ್ದು. ಎರಡೂ ಬಲ್ಲ ಗೆಳೆಯನನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದೆ. ಅವರ ಹತ್ತಿರ ನೇರವಾಗಿ ಇಸವಿ ಕೇಳಬಾರದು. “ಅಣ್ಣಾ, ಆಗ ನೀವು ಎಲ್ಲಿ ಕೆಲಸದಲ್ಲಿದ್ದಿರಿ?” ಅಂತ ಕೇಳಬೇಕು. ವಿಮಾನ ಕಾರ್ಖಾನೆ ಎಚ್‌ಎಎಲ್ 1940ರಲ್ಲಿ, ಟೆಲಿಫೋನ್ ಕಾರ್ಖಾನೆ ಐಟಿಐ 1948ರಲ್ಲಿ ಶುರುವಾದವು. ಚೆನ್ನಾಗಿ ಆಡುವ ಹುಡುಗರಿಗೆ ಇಂಥ ಕಾರ್ಖಾನೆಗಳಲ್ಲಿ ಆಟದಿಂದಲೇ ಕೆಲಸ ಸಿಗುತ್ತಿತ್ತು. ಕೆಲಸಕ್ಕೆ ಸೇರಿದ ವರ್ಷವನ್ನು ಯಾರೂ ಮರೆಯುವುದಿಲ್ಲ. ಅಲ್ಲಿಂದ ಲೆಕ್ಕ ಹಾಕಿ, ಪತ್ರಿಕೆಯಲ್ಲಿ ತಾಳೆ ನೋಡಿದರೆ ಮ್ಯಾಚ್ ಸಿಗುತ್ತದೆ.

ಮೊದಲ ಅಧ್ಯಾಯವನ್ನು ನಾನು ಬೆಂಗಳೂರು ಮುಸ್ಲಿಮ್ಸ್ ತಂಡಕ್ಕೆ ಕೊಟ್ಟೆ. ಮುಂಬೈಯ ರೋವರ್ಸ್ ಕಪ್‌ನಲ್ಲಿ ಅಲ್ಲಿಯವರೆಗೆ ಬ್ರಿಟಿಷ್ ಸೇನೆಯ ತಂಡಗಳದ್ದೇ ದರ್ಬಾರು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ ನಮ್ಮೂರಿನದು. ಮರುವರ್ಷ ಮತ್ತೆ ಗೆದ್ದರು! ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ ಹುಟ್ಟಿದ್ದೂ ಅದೇ 1937ರಲ್ಲಿ.

ಇನ್ನೊಂದು ಸಂಗತಿ ತಾಳೆ ನೋಡುವಾಗ ನನಗೆ ಮೈ ಜುಮ್ಮೆಂದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಒಂದೇ ಗೋಲು ಹೊಡೆದವರು ಸಾರಂಗಪಾಣಿ ರಾಮನ್. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ವಿರುದ್ಧದ ಒಂದೇ ಗೋಲು ಅಹ್ಮದ್ ಖಾನ್ ಅವರದು. ಇಬ್ಬರೂ ನಮ್ಮ ಮೈಸೂರು ರಾಜ್ಯದ ಆಟಗಾರರು. ಇದನ್ನು ಶಾಲೆಗಳಲ್ಲಿ ಹೇಳಿಕೊಡಬೇಕು ಅಂತ ನನ್ನ ಆಸೆ.

1969ರ ನಂತರದ ಪುಟಗಳು ಬರೆಯಲು ಕಷ್ಟವಾದವು. ಅಹ್ಮದ್ ಖಾನ್, ಧನರಾಜ್ ಕಾಲದಿಂದಲೇ ಒಳ್ಳೆಯವರು ಕೋಲ್ಕತ್ತದ ಈಸ್ಟ್ ಬೆಂಗಾಲ್‌ನಂಥ ಕ್ಲಬ್ಬುಗಳಿಗೆ ಹೋಗುತ್ತಿದ್ದರು. ಆದರೂ ಇಲ್ಲಿ ಹೊಸಬರು ಬರುತ್ತಿದ್ದರು. ಕಾರ್ಖಾನೆಗಳಲ್ಲಿ ಆಟಗಾರರಿಗೆ ಕೆಲಸ ಕಡಿಮೆಯಾದ ಮೇಲೆ ಆ ದಾರಿ ಮುಚ್ಚಿತು ಅನ್ನುವುದು ನನ್ನ ಅಭಿಪ್ರಾಯ. ಮುಂದಿನ ಟ್ರೋಫಿಗೆ 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದಾಗ, ಕರ್ನಾಟಕ ಅನ್ನುವ ಹೆಸರಿನಲ್ಲಿ ಅದೇ ಮೊದಲ ಗೆಲುವು.

ಈಗ ಹಳೇ ಟೀಮ್ ಫೋಟೊಗಳ ಕೆಲಸ ನಡೆದಿದೆ. ನಿಮ್ಮ ಮನೆಯಲ್ಲಿ ತಾತನದ್ದೋ ಮಾವನದ್ದೋ ಒಂದು ಇದ್ದರೆ, ಹೆಸರು ಗುರುತಿಸುವವರು ಇರುವಾಗಲೇ ಎಡದಿಂದ ಬಲಕ್ಕೆ ಎಲ್ಲರ ಹೆಸರು ಕೇಳಿ, ಹಿಂಬದಿಯಲ್ಲಿ ಪೆನ್ಸಿಲ್‌ನಲ್ಲಿ ಬರೆದಿಡಿ.