ಒಂದು ಗುಂಡಿಗೆ ಒಂದು ಕಾರ್ಡು: ನಾನು ಪೆಲೆಟ್ ಲಾಟ್ ಆರಿಸಿದ ಬಗೆ

ಈ ಸಲ ರಾಜ್ಯ ಮಟ್ಟದ 10 ಮೀಟರ್ ಏರ್ ರೈಫಲ್ ಪಂದ್ಯದಲ್ಲಿ ನನ್ನ ಸ್ಕೋರು 654ಕ್ಕೆ 615 ದಾಟಿತು. ಶಿರಸಿ ಕಡೆಯ ಹಳ್ಳಿಮನೆಯಲ್ಲಿ, ಅಡಿಕೆ ಸುಲಿಯುವ ಜಾಗದಲ್ಲಿ ಅಭ್ಯಾಸ ಮಾಡುವವನಿಗೆ ಇದು ಸಣ್ಣ ಮಾತಲ್ಲ. ರೈಫಲ್ ಅದೇ, ಜಾಕೆಟ್ಟೂ ಅದೇ ಹಳೇದು. ಬದಲಾದದ್ದು ಪೆಲೆಟ್ ಲಾಟ್ ಒಂದೇ, ಅಂದರೆ ಕಾರ್ಖಾನೆಯಲ್ಲಿ ಒಟ್ಟಿಗೆ ತಯಾರಾದ ಸೀಸದ ಗುಂಡುಗಳ ಒಂದು ಕಂತು. ಆ ಲಾಟ್ ಆರಿಸಿದ ರೀತಿಗೆ ಮಾತ್ರ ಬಹಳ ದಿನ ಯಾರೂ ಬೆಲೆ ಕೊಡಲಿಲ್ಲ. "ತಮ್ಮಾ, ವೈಸ್‌ಗೆ ಕಟ್ಟಿ ಐದು ಗುಂಡು ಹೊಡಿ. ಯಾವುದರ ತೂತು ಚಿಕ್ಕದೋ ಅದನ್ನೇ ತಗೋ. ಇಷ್ಟೆಲ್ಲ ಯಾಕೆ ಮಾರಾಯ?" ಅಂದಿದ್ದರು ಕಾರವಾರದ ಹಿರಿಯ ಶೂಟರ್ ಒಬ್ಬರು (ವೈಸ್ ಅಂದರೆ ರೈಫಲ್ ಅಲ್ಲಾಡದ ಹಾಗೆ ಬಿಗಿಯಾಗಿ ಹಿಡಿಯುವ ಕಬ್ಬಿಣದ ಹಿಡಿತ). ಈಗ ಅವರೂ ನನ್ನ ಹಾಗೆ ಸೂಜಿಯ ಹಲಗೆ ಮಾಡಿಸಿಕೊಂಡಿದ್ದಾರೆ.

ಎಲ್ಲರೂ ಮಾಡುವ ಹಾಗೆ ನಾನೂ ಮೊದಲು ತೂಕಕ್ಕೇ ಕೈ ಹಾಕಿದೆ. ಅಕ್ಕಸಾಲಿಗರು ಇಟ್ಟುಕೊಳ್ಳುವಂಥ, ಮಿಲಿಗ್ರಾಂ ತೋರಿಸುವ ಸಣ್ಣ ತಕ್ಕಡಿಗೆ ಎರಡೂವರೆ ಸಾವಿರ ಹೋಯಿತು. ಫ್ಯಾನ್ ಹಾಕಿದರೆ ಕೊನೆಯ ಅಂಕೆ ನಿಲ್ಲುವುದಿಲ್ಲ. ಕಿಟಕಿ ಮುಚ್ಚಿ, ಮಳೆಗಾಲದ ಸೆಕೆಯಲ್ಲಿ ಕೂತು 500ರ ಡಬ್ಬಿ ಇಡೀ ತೂಗಿದೆ. 0.53 ಗ್ರಾಂ ಪೆಲೆಟ್‌ನಲ್ಲಿ ಹೆಚ್ಚುಕಮ್ಮಿ ಐದಾರು ಮಿಲಿಗ್ರಾಂ ವ್ಯತ್ಯಾಸ. ಭಾರದ್ದು ಒಂದು ಕಡೆ, ಹಗುರದ್ದು ಒಂದು ಕಡೆ ಮಾಡಿ ಹೊಡೆದೆ. ಕಾರ್ಡ್ ನೋಡಿದರೆ ಯಾವುದು ಯಾವುದು ಅಂತ ಹೇಳಲಿಕ್ಕೇ ಆಗಲಿಲ್ಲ.

ಲೆಕ್ಕ ಹಾಕಿದ ಮೇಲೆ ಕಾರಣ ಗೊತ್ತಾಯಿತು. ನಮ್ಮ ಪೆಲೆಟ್ ಸೆಕೆಂಡಿಗೆ 170 ಮೀಟರ್ ಆಚೀಚೆ ಹೋಗುತ್ತದೆ. 10 ಮೀಟರ್ ದಾಟುವಷ್ಟರಲ್ಲಿ ಸುಮಾರು 17 ಮಿ.ಮೀ. ಇಳಿಯುತ್ತದೆ. ಐದು ಮಿಲಿಗ್ರಾಂ ಭಾರ ಜಾಸ್ತಿಯಾದರೆ ವೇಗ ಒಂದು ಮೀಟರೂ ಕಡಿಮೆ ಆಗುವುದಿಲ್ಲ. ಕಾರ್ಡಿನ ಮೇಲೆ ಅದು 0.2 ಮಿ.ಮೀ.ಗಿಂತ ಕಡಿಮೆ. ಸ್ಕೋರಿನಲ್ಲಿ 0.1 ಅಂದರೆ 0.25 ಮಿ.ಮೀ. ಅಲ್ವಾ? ತೂಗಿ ತೂಗಿ ಕಣ್ಣು ನೋಯಿಸಿಕೊಂಡರೂ ಒಂದು ದಶಾಂಶ ಕೈಗೆ ಬರುವುದಿಲ್ಲ. ತಕ್ಕಡಿಯಿಂದ ಆದ ಲಾಭ ಒಂದೇ: ಡಬ್ಬಿಯಲ್ಲಿ ಬೆರಳೆಣಿಕೆಯಷ್ಟು ಪೂರಾ ಹಾಳಾದವು ಸಿಕ್ಕವು. ಅವನ್ನು ಬಾಲದ ಅಂಚು ನೋಡಿದರೂ ಹಿಡಿಯಬಹುದು.

ಇನ್ನು ಐದು ಗುಂಡಿನ ಗ್ರೂಪ್, ಅಂದರೆ ಒಂದೇ ಗುರಿಗೆ ಹೊಡೆದ ಗುಂಡುಗಳ ತೂತಿನ ಗುಂಪು. ಅದರ ಮೇಲೆ ನನಗೆ ನಂಬಿಕೆ ಹೋದದ್ದು ಹೀಗೆ. ಒಂದೇ ಡಬ್ಬಿ, ಒಂದೇ ವೈಸ್, ಒಂದೇ ಸಂಜೆ. ಒಂದು ಗ್ರೂಪ್ ಬೊಟ್ಟು ಇಟ್ಟ ಹಾಗೆ ಬಂತು, ಅದರ ಹಿಂದಿನದು ಹೆಚ್ಚುಕಡಿಮೆ ಅದರ ಎರಡರಷ್ಟು. ಯಾವುದು ನಿಜ? ಗ್ರೂಪ್ ಅಳೆಯುವಾಗ ತೀರಾ ದೂರದ ಎರಡು ಗುಂಡು ಮಾತ್ರ ಲೆಕ್ಕಕ್ಕೆ ಬರುತ್ತವೆ, ಉಳಿದ ಮೂರು ಸುಮ್ನೆ ಖರ್ಚು. ಗುಂಡು ಜಾಸ್ತಿ ಮಾಡೋಣ ಅಂದರೆ ಎಲ್ಲ ಒಂದೇ ತೂತಿಗೆ ಬೀಳುತ್ತವೆ. ಹತ್ತನೆಯದು ಎಲ್ಲಿ ಬಿತ್ತು ಅಂತ ದೇವರಿಗೇ ಗೊತ್ತು. ಎಲೆಕ್ಟ್ರಾನಿಕ್ ಟಾರ್ಗೆಟ್ ಇದ್ದವರಿಗೆ ಈ ತೊಂದರೆ ಇಲ್ಲ. ಅದರ ಬೆಲೆ ಕೇಳಿ ನಾನು ಆ ವಿಚಾರ ಅಲ್ಲಿಗೇ ಬಿಟ್ಟೆ.

ಹಾಗಾಗಿ ಒಂದು ಲಾಟ್‌ಗೆ ಮೂವತ್ತು ಗುಂಡು, ಒಂದು ಗುಂಡಿಗೆ ಒಂದು ಕಾರ್ಡು ಅಂತ ಮಾಡಿದೆ. ಹಲಸಿನ ಹಲಗೆಯ ಚೌಕಟ್ಟಿಗೆ ಎರಡು ದಪ್ಪ ಹೊಲಿಗೆ ಸೂಜಿ, ಮೊನೆ ಹೊರಗೆ ಬರುವ ಹಾಗೆ ಅಂಟಿಸಿದೆ. ಹಲಗೆ ಗೋಡೆಗೆ ಬೋಲ್ಟ್ ಮಾಡಿದ್ದು, ಅಲ್ಲಾಡುವುದಿಲ್ಲ. ಅಂಗೈಯಗಲದ ದಪ್ಪ ಕಾಗದವನ್ನು ಸೂಜಿಗೆ ಚುಚ್ಚಿ ಒತ್ತುವುದು, ಹಿಂದೆ ಬಂದು ಹೊಡೆಯುವುದು, ಹೋಗಿ ತೆಗೆದು ಲಾಟ್ ಗುರುತು ಬರೆಯುವುದು. ಪ್ರತಿ ಕಾಗದದಲ್ಲೂ ಎರಡು ಸೂಜಿ ತೂತು, ಒಂದು ಗುಂಡಿನ ತೂತು. ಸೂಜಿ ತೂತಿನಿಂದ ಗುಂಡಿನ ನಡುವಿಗೆ ಎಷ್ಟು ದೂರ ಅಂತ ಅಳೆದರೆ ಮೂವತ್ತೂ ಗುಂಡಿನ ಜಾಗ ಬೇರೆ ಬೇರೆಯಾಗಿ ಸಿಗುತ್ತದೆ. ಬಸ್ ಸ್ಟ್ಯಾಂಡ್ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ 600 ಡಿಪಿಐ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿಸಿ, ಮನೆಯ ಕಂಪ್ಯೂಟರಿನಲ್ಲಿ ಗುರುತು ಹಾಕುತ್ತೇನೆ. 600 ಡಿಪಿಐಗೆ ಒಂದು ಚುಕ್ಕಿ ಅಂದರೆ 0.04 ಮಿ.ಮೀ. ನಮಗೆ ಧಾರಾಳ ಸಾಕು. ಆಮೇಲೆ ಎಲ್ಲ ಗುಂಡಿನ ಸರಾಸರಿ ನಡು ತೆಗೆದು, ಅಲ್ಲಿಂದ ಪ್ರತಿ ಗುಂಡು ಎಷ್ಟು ದೂರ ಅಂತ ಸರಾಸರಿ ಹಾಕುವುದು. ನಾನು ನಂಬುವುದು ಆ ಒಂದೇ ಅಂಕೆಯನ್ನು.

ಮಳೆಗಾಲದಲ್ಲಿ ಕಾಗದವೇ ಕೈಕೊಟ್ಟಿತು. ಜುಲೈ ತಿಂಗಳ ನಮ್ಮೂರ ತೇವಕ್ಕೆ ಕಾರ್ಡ್ ಮೆತ್ತಗಾಗಿ, ತೂತಿನ ಅಂಚು ಹರಿದು ನಾರು ನಾರಾಗುತ್ತದೆ. ನಡು ಎಲ್ಲಿ ಅಂತ ಸಿಗುವುದಿಲ್ಲ. ಒಂದು ಲಾಟ್‌ನ ಇಡೀ ಕಟ್ಟು ಹೀಗೆ ದಂಡವಾಯಿತು. ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಕಾಗದ ಒಣಗಿಸಿ, ಹೊಡೆಯುವಷ್ಟನ್ನೇ ಡಬ್ಬಿಯಿಂದ ತೆಗೆಯಲು ಶುರು ಮಾಡಿದ ಮೇಲೆ ಅಂಚು ಚೊಕ್ಕವಾಗಿ ಬಂತು.

ವೈಸ್ ಬಗ್ಗೆ ಒಂದು ಮಾತು. ಬ್ಯಾರಲ್ ಹಿಡಿಯಬೇಡಿ, ಆಕ್ಷನ್ (ಬ್ಯಾರಲ್ ಹಿಂದಿನ, ಪೆಲೆಟ್ ತುಂಬುವ ಭಾಗ) ಹಿಡಿಯಿರಿ. ವೆಲ್ಡಿಂಗ್ ಅಂಗಡಿಯಲ್ಲಿ ಆಂಗಲ್ ಕಬ್ಬಿಣದಲ್ಲಿ ಮಾಡಿಸಿದ್ದು, ಮೂರೂವರೆ ಸಾವಿರ ಆಯಿತು. ಮೊದಲು ಮರದ ಅಟ್ಟದ ಮೇಲಿಟ್ಟಿದ್ದೆ. ಮನೆಯವರು ನಡೆದಾಡಿದರೆ ಗುಂಡೂ ಆಚೀಚೆ ಹೋಗುತ್ತಿತ್ತು. ಕೆಳಗೆ ಸಿಮೆಂಟ್ ನೆಲಕ್ಕೆ ಬೋಲ್ಟ್ ಹಾಕಿದ ಮೇಲೆ ನಿಂತಿತು. ಹಿಡಿತದ ಒಳಗೆ ಏನು ಹಾಸಿದ್ದೇನೆ ಅನ್ನುವುದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಅದನ್ನು ಹುಡುಕಲಿಕ್ಕೆ ನನಗೆ ಒಂದು ಮಳೆಗಾಲವೇ ಹೋಗಿದೆ.

ಒಂದು ಲಾಟ್ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗುವುದೂ ಸರಿಯಲ್ಲ. ರೈಫಲ್‌ನ ಗಾಳಿ ಸಿಲಿಂಡರ್ ಒತ್ತಡ, ಸಂಜೆಯ ತಂಪು ಎಲ್ಲ ಒಂದೇ ಲಾಟ್‌ನ ತಲೆಗೆ ಕೂತುಬಿಡುತ್ತದೆ. ನಾನು ಪ್ರತಿ ಲಾಟ್‌ನಿಂದ ಐದೈದರಂತೆ ಸುತ್ತು ಹಾಕುತ್ತೇನೆ. ಲಾಟ್ ಬದಲಿಸಿದಾಗ ಮೊದಲ ಕೆಲವು ಗುಂಡು ಲೆಕ್ಕಕ್ಕಿಲ್ಲ, ಬ್ಯಾರಲ್‌ಗೆ ಹೊಸ ಸೀಸ ಹೊಂದಬೇಕು. ಬೇರೆ ದಿನ ಮತ್ತೆ ಮೂವತ್ತು ಹೊಡೆದು, ಎರಡೂ ದಿನ ಅದೇ ಲಾಟ್ ಮೇಲೆ ಬಂದರೆ ಮಾತ್ರ ಒಪ್ಪುವುದು.

ಫಲಿತಾಂಶ ನೆನಪಿನಿಂದ ಹೇಳುವುದಾದರೆ, ಒಳ್ಳೆಯ ಲಾಟ್‌ನ ಸರಾಸರಿ 0.4 ಮಿ.ಮೀ. ಹತ್ತಿರ, ಕೆಟ್ಟದ್ದು 0.8ಕ್ಕೆ ಹತ್ತಿರ. ಎರಡೂ ಒಂದೇ ಕಂಪನಿಯದು, ಎರಡರ ಮೇಲೂ 4.50 (ಪೆಲೆಟ್ ತಲೆಯ ಅಳತೆ, ಮಿ.ಮೀ.) ಅಂತಲೇ ಮುದ್ರೆ. "ಅರ್ಧ ಮಿಲಿಮೀಟರೂ ಇಲ್ಲ, ಅದರಿಂದ ಏನಾಗುತ್ತದೆ?" ಅಂದವರಿಗೆ ನನ್ನ ಲೆಕ್ಕ ಇದು. ನನ್ನ ಕೈಯ ಅಲುಗಾಟ ಸರಾಸರಿ 2 ಮಿ.ಮೀ. ಅಂತ ಇಟ್ಟುಕೊಳ್ಳಿ. ಅಲುಗಾಟಕ್ಕೆ ಪೆಲೆಟ್ ತಪ್ಪು ನೇರವಾಗಿ ಕೂಡುವುದಿಲ್ಲ, ವರ್ಗ ಮಾಡಿ ಕೂಡಿ, ವರ್ಗಮೂಲ ತೆಗೆಯಬೇಕು. ಕೆಟ್ಟ ಲಾಟ್‌ಗೆ 2.15, ಒಳ್ಳೆಯದಕ್ಕೆ 2.04. ವ್ಯತ್ಯಾಸ ಗುಂಡಿಗೆ 0.04 ಅಂಕಕ್ಕಿಂತ ತುಸು ಜಾಸ್ತಿ, 60 ಗುಂಡಿಗೆ ಎರಡೂವರೆ ಅಂಕ. ದಶಾಂಶ ಇಲ್ಲದೆ ಗರಿಷ್ಠ 600ರ ಲೆಕ್ಕ ಇದ್ದಾಗ ಇದು ಅಷ್ಟಾಗಿ ಕಾಣುತ್ತಿರಲಿಲ್ಲ. 2013ರಿಂದ ಕ್ವಾಲಿಫಿಕೇಶನ್‌ಗೂ (ಫೈನಲ್‌ಗೆ ಮುಂಚಿನ ಸುತ್ತು) ದಶಾಂಶ ಬಂದು ಗರಿಷ್ಠ 654 ಆದ ಮೇಲೆ ಎರಡೂವರೆ ಅಂಕಕ್ಕೆ ಎಷ್ಟು ಜನ ನಿಮ್ಮನ್ನು ದಾಟುತ್ತಾರೆ ಅಂತ ಪಟ್ಟಿ ತೆಗೆದು ನೋಡಿ.

ನಡುವೆ ಬೇರೆ ಪ್ರಯೋಗಗಳೂ ಆದವು. ಗೆಳೆಯರೊಬ್ಬರ ಕ್ರೋನೋಗ್ರಾಫ್ (ಗುಂಡಿನ ವೇಗ ಅಳೆಯುವ ಯಂತ್ರ) ತಂದರೆ ಟ್ಯೂಬ್‌ಲೈಟಿನ ಮಿಣುಕಿಗೆ ಬಾಯಿಗೆ ಬಂದ ವೇಗ ತೋರಿಸಿತು. ಇನ್ವರ್ಟರಿನ ಬ್ಯಾಟರಿಗೆ 12 ವೋಲ್ಟಿನ ಕಾರ್ ಬಲ್ಬ್ ಕಟ್ಟಿ ಹಿಡಿದ ಮೇಲೆ ಸರಿಹೋಯಿತು. ಪೆಲೆಟ್ ತೊಳೆದು ಎಣ್ಣೆ ಸವರುವುದನ್ನೂ ನೋಡಿದೆ. ಮನೆಯ ಕೊಬ್ಬರಿ ಎಣ್ಣೆ ಅಕ್ಟೋಬರ್‌ವರೆಗೆ ಚೆನ್ನಾಗಿತ್ತು. ಡಿಸೆಂಬರ್ ಬೆಳಗ್ಗೆ ಗಟ್ಟಿಯಾಗಿ ವೇಗ ಮೇಲೆ ಕೆಳಗೆ ಆಯಿತು. ಹೊಲಿಗೆ ಮೆಷಿನ್ ಎಣ್ಣೆಯಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ.

ನನಗೆ ಇಷ್ಟವಾದದ್ದು ಗಾಜಿನ ಪರೀಕ್ಷೆ. ಹಳೆ ಕಿಟಕಿ ಗಾಜನ್ನು ಓರೆ ಇಟ್ಟು ಪೆಲೆಟ್ ಉರುಳಿಸಿದರೆ, ತಲೆ ಬಾಲ ಎರಡರ ಅಳತೆ ಬೇರೆ ಇರುವುದರಿಂದ ಅದು ಬಾಗಿ ಹೋಗುತ್ತದೆ. ಅಂಚಿನಲ್ಲಿ ಗೆರೆ ಹಾಕಿಟ್ಟರೆ ಹೆಚ್ಚಿನವು ಒಂದೇ ಕಡೆ ಬೀಳುತ್ತವೆ. ಬೇರೆ ಕಡೆ ಬಿದ್ದವು ಅಭ್ಯಾಸಕ್ಕೆ. ತಕ್ಕಡಿಗೆ ಸಿಗದ ಓರೆಕೋರೆ ಇಲ್ಲಿ ಸಿಗುತ್ತದೆ. ಗಾಜಿನ ಇಳಿಜಾರು ಎಷ್ಟು ಅಂತ ನೀವೇ ಉರುಳಿಸಿ ಕಂಡುಕೊಳ್ಳಿ. ಮುಗಿದ ಮೇಲೆ ಕೈ ಸೋಪಿನಲ್ಲಿ ತೊಳೆಯಿರಿ, ಸೀಸ ಅದು.

ಒಟ್ಟು ಖರ್ಚು ಹದಿನೈದು ಸಾವಿರದ ಆಚೀಚೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬರೀ ಪರೀಕ್ಷೆಗೆ ತಂದ ಡಬ್ಬಿಗಳದ್ದು. ಆರಿಸಿದ ಲಾಟ್ ಮತ್ತೆ ಕೇಳುವಷ್ಟರಲ್ಲಿ ಅಂಗಡಿಯಲ್ಲಿ ಖಾಲಿ, ಇದೇ ದೊಡ್ಡ ಹೊಡೆತ. ಈಗ ನಾವು ಮೂವರು ಸೇರಿ ದುಡ್ಡು ಹಾಕುತ್ತೇವೆ. ಬೆಂಗಳೂರಿನ ವ್ಯಾಪಾರಿಗೆ ಮುಂಗಡ ಕೊಟ್ಟು, ಪ್ರತಿ ಲಾಟ್‌ನ ಒಂದೊಂದು ಡಬ್ಬಿ ತಂದು, ಪರೀಕ್ಷೆ ಮುಗಿಯುವ ತನಕ ಉಳಿದದ್ದನ್ನು ತಡೆದಿಡಲು ಹೇಳುತ್ತೇವೆ. ತಂದ ಮಾಲನ್ನು ಮರದ ಪೆಟ್ಟಿಗೆಯಲ್ಲಿ ಮಾತ್ರ ಇಡಬೇಡಿ. ಮರದ ಹುಳಿ ಆವಿಗೆ ಸೀಸದ ಮೇಲೆ ಬಿಳಿ ಪುಡಿ ಹಿಡಿಯುತ್ತದೆ. ಕಾರವಾರದವರ ಎರಡು ಡಬ್ಬಿ ಹಾಗೇ ಹೋದವು. ನನ್ನವು ಬಿಗಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ, ಸಿಲಿಕಾ ಪೊಟ್ಟಣದ ಜೊತೆ ಇವೆ. ಮುಂದಿನ ಸೀಸನ್ ಮುಗಿಯುವ ತನಕ ಸಾಕಾಗುವಷ್ಟು ಇದೆ.