ತಲೆ ಮೇಲಿನ ಕ್ಯಾರಿಯರ್ ಎಷ್ಟು ಡೀಸೆಲ್ ಕುಡಿಯುತ್ತದೆ: ನನ್ನ ಅನುಭವ

ಮೈಸೂರಲ್ಲಿ ಮದುವೆ ಫೋಟೋ, ವಿಡಿಯೋ ಮಾಡುವವನು ನಾನು. ಅರ್ಧ ಕೆಲಸ ಇಲ್ಲೇ, ಉಳಿದರ್ಧ ಮಂಡ್ಯ, ಮದ್ದೂರು, ಬೆಂಗಳೂರು ಕಡೆ. ಗಾಡಿ ಡೀಸೆಲ್ ಎರ್ಟಿಗಾ. ಒಳಗೆ ಹುಡುಗರು, ಕ್ಯಾಮೆರಾ ಬ್ಯಾಗು. ಮೇಲೆ ಕ್ಯಾರಿಯರ್‌ನಲ್ಲಿ ಲೈಟ್ ಸ್ಟ್ಯಾಂಡು, ಟ್ರೈಪಾಡು, ಜಿಬ್‌ನ (ಕ್ಯಾಮೆರಾ ಎತ್ತಿ ತಿರುಗಿಸುವ ಕ್ರೇನು) ಪೈಪು, ಎಲ್ಲಕ್ಕೂ ಸೇರಿಸಿ ಒಂದು ಟಾರ್ಪಾಲು. ನಮ್ಮ ಕಸುಬಿನವರ ಗಾಡಿಗಳು ಹೆಚ್ಚುಕಮ್ಮಿ ಹೀಗೇ ಇರುತ್ತವೆ.

2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದಾಗ ನಮ್ಮಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. ಇನ್ನು ಮಂಡ್ಯ ಊರೊಳಗೆ ನುಗ್ಗಬೇಕಿಲ್ಲ, ಚನ್ನಪಟ್ಟಣದಲ್ಲಿ ಸಿಗ್ನಲ್ ಕಾಯಬೇಕಿಲ್ಲ, ಕ್ಲಚ್ಚು ಬ್ರೇಕು ಕಮ್ಮಿ, ಹಾಗಾಗಿ ಮೈಲೇಜ್ ಜಾಸ್ತಿ ಬರುತ್ತದೆ ಅಂತ. ಟೈಮೇನೋ ಉಳಿಯಿತು. ಡೀಸೆಲ್ ಉಳಿಯಲಿಲ್ಲ. ಹಳೇ ರೋಡಲ್ಲಿ 60–70ರಲ್ಲಿ ಹೋಗುತ್ತಿದ್ದ ಅದೇ ಗಾಡಿ, ಅದೇ ಲೋಡು, ಈಗ 100ರಲ್ಲಿ ಓಡುತ್ತಿದೆಯಲ್ಲ, ವಿಷಯ ಇರುವುದು ಅಲ್ಲೇ.

ಗಾಳಿ ಗಾಡಿಯನ್ನು ಹಿಂದಕ್ಕೆ ತಳ್ಳುವ ಬಲ ವೇಗದ ವರ್ಗಕ್ಕೆ, ಅಂದರೆ ವೇಗವನ್ನು ವೇಗದಿಂದಲೇ ಗುಣಿಸಿದ್ದಕ್ಕೆ, ತಕ್ಕಂತೆ ಏರುತ್ತದೆ. 80ರಿಂದ 100ಕ್ಕೆ ಹೋದರೆ ವೇಗ ಹೆಚ್ಚಾಗುವುದು ಕಾಲು ಭಾಗ ಮಾತ್ರ, ಗಾಳಿಯ ತಡೆ ಮಾತ್ರ ಒಂದೂವರೆ ಪಟ್ಟು ದಾಟುತ್ತದೆ, ಲೆಕ್ಕದಲ್ಲಿ 1.56. ಸಿಟಿಯಲ್ಲಿ 30–40ರಲ್ಲಿ ಹೋಗುವಾಗ ಈ ತಡೆ ಇದೆ ಅಂತಲೂ ಗೊತ್ತಾಗುವುದಿಲ್ಲ. ಅಲ್ಲಿ ಡೀಸೆಲ್ ತಿನ್ನುವುದು ನಿಲ್ಲಿಸಿ ಎಬ್ಬಿಸುವ ಕೆಲಸ, ಗಾಡಿಯ ತೂಕ. ಹೈವೇಯಲ್ಲಿ ಲೆಕ್ಕ ತಿರುಗುತ್ತದೆ. ವೇಗ ಬಿಟ್ಟರೆ ಇನ್ನೆರಡು ಸಂಗತಿ: ಗಾಳಿಗೆ ಎದುರಾಗುವ ಮುಖ ಎಷ್ಟು ಅಗಲ, ಎಷ್ಟು ಎತ್ತರ ಅನ್ನುವುದು ಒಂದು, ಆಕಾರ ಎಷ್ಟು ನುಣುಪು ಅನ್ನುವುದು ಇನ್ನೊಂದು. ಕಂಪನಿಯವರು ವಿಂಡ್ ಟನಲ್‌ನಲ್ಲಿ (ಗಾಳಿ ಬೀಸಿ ಪರೀಕ್ಷೆ ಮಾಡುವ ಸುರಂಗ) ಇಟ್ಟು ತಿದ್ದಿದ ರೂಫ್ ಮೇಲೆ ನಾವು ಕಬ್ಬಿಣದ ಕ್ಯಾರಿಯರ್ ಕೂರಿಸಿ, ಅದರ ಮೇಲೆ ಟಾರ್ಪಾಲು ಕಟ್ಟಿದರೆ ಎರಡೂ ಒಟ್ಟಿಗೆ ಕೆಡುತ್ತವೆ. ಎದುರುಗಾಳಿಗೆ ಛತ್ರಿ ಬಿಚ್ಚಿಕೊಂಡು ನಡೆದ ಹಾಗೆ.

ಸುಮ್ನೆ ಮಾತಾಡುವುದಕ್ಕಿಂತ ಅಳೆದು ನೋಡೋಣ ಅಂತ ಕೂತೆ. ಡ್ಯಾಶ್‌ಬೋರ್ಡ್ ತೋರಿಸುವ ನಂಬರ್ ನಾನು ನಂಬುವುದಿಲ್ಲ, ನನ್ನ ಗಾಡಿಯಲ್ಲಿ ಅದು ಯಾವಾಗಲೂ ಸ್ವಲ್ಪ ಜಾಸ್ತಿಯೇ ಹೇಳುತ್ತದೆ. ಟ್ಯಾಂಕ್ ಫುಲ್‌ನಿಂದ ಟ್ಯಾಂಕ್ ಫುಲ್‌ಗೆ ಲೆಕ್ಕ ಹಾಕಬೇಕು. ಅದೇ ಬಂಕ್, ಅದೇ ಪಂಪು, ಪಂಪು ತಾನಾಗೇ ನಿಲ್ಲುವ ಮೊದಲ ಆಟೋ ಕಟ್‌ಗೆ ನಿಲ್ಲಿಸುವುದು. ಬಂಕ್ ಹುಡುಗ "ರೌಂಡ್ ಫಿಗರ್ ಮಾಡ್ಲಾ ಅಣ್ಣ" ಅಂತ ಕೇಳೇ ಕೇಳುತ್ತಾನೆ, ಬೇಡ ಅನ್ನಬೇಕು. ಬೆಳಿಗ್ಗೆ ಟೈರ್ ತಣ್ಣಗಿರುವಾಗಲೇ ಗಾಳಿ ಚೆಕ್ ಮಾಡಿಸಬೇಕು. ಮುಖ್ಯವಾಗಿ, ಹೋಗಿ ಬರುವುದು ಎರಡೂ ಸೇರಿಸಿಯೇ ಲೆಕ್ಕ. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರ, ಮಂಡ್ಯ 700ಕ್ಕಿಂತ ಕೆಳಗೆ, ಬೆಂಗಳೂರು 900 ದಾಟುತ್ತದೆ. ಬರೀ ಹೋಗುವ ದಾರಿ ಅಳೆದರೆ ಏರಿನಲ್ಲಿ ಸುಟ್ಟ ಡೀಸೆಲ್ ಎಲ್ಲ ಕ್ಯಾರಿಯರ್ ತಲೆಗೆ ಬರುತ್ತದೆ.

ಆಷಾಢದಲ್ಲಿ ಮದುವೆ ಇಲ್ಲ, ನಮಗೆ ಪುರಸೊತ್ತು. ಆದರೆ ಇಂಥ ಪರೀಕ್ಷೆಗೆ ಆಷಾಢದಷ್ಟು ಕೆಟ್ಟ ತಿಂಗಳು ಇನ್ನೊಂದಿಲ್ಲ, ಆ ಗಾಳಿ ಗೊತ್ತಲ್ವಾ. ಬೆಂಗಳೂರಿಗೆ ಹೋಗುವಾಗ ಬೆನ್ನಿಗೆ ತಳ್ಳುತ್ತದೆ, ಬರುವಾಗ ಎದುರಿಗೆ ಹೊಡೆಯುತ್ತದೆ. ಸ್ಪೀಡೋಮೀಟರ್ 90 ತೋರಿಸಿದರೂ 20ರ ಎದುರುಗಾಳಿ ಇದ್ದರೆ ಗಾಡಿಗೆ ಅದು 110ರ ಗಾಳಿ. ಹೋಗುವಾಗ ಉಳಿದದ್ದಕ್ಕಿಂತ ಬರುವಾಗ ಕಳೆಯುವುದೇ ಜಾಸ್ತಿ, ವರ್ಗದ ಲೆಕ್ಕ ಅಲ್ವಾ. ಹಾಗಾಗಿ ಗಾಳಿ ಇಳಿದ ಮೇಲೆ ತೆಗೆದ ಲೆಕ್ಕವನ್ನೇ ಇಲ್ಲಿ ಹೇಳುತ್ತಿದ್ದೇನೆ.

ಕ್ಯಾರಿಯರ್ ಇಲ್ಲದೆ, 100ರ ಆಸುಪಾಸಿನಲ್ಲಿ, ಲೀಟರಿಗೆ ಸುಮಾರು 18. ಖಾಲಿ ಕ್ಯಾರಿಯರ್ ಇದ್ದರೆ 17. ಲೋಡ್ ಹಾಕಿ ಟಾರ್ಪಾಲು ಕಟ್ಟಿದರೆ 15ಕ್ಕಿಂತ ಕೆಳಗೂ ಇಳಿದಿದೆ. ಕ್ಯಾರಿಯರ್ ಇಳಿಸಿ 85ರಲ್ಲಿ ಹೋದರೆ 20 ದಾಟುತ್ತದೆ. ಇದು ನನ್ನ ಗಾಡಿ, ನನ್ನ ಕಾಲಿನ ಲೆಕ್ಕ, ನಿಮ್ಮದು ಬೇರೆ ಇರಬಹುದು. ಅಮೆರಿಕ ಸರ್ಕಾರದ ಇಂಧನ ಇಲಾಖೆ ಹೇಳುವುದೂ ಇದೇ ದಾರಿಯಲ್ಲಿದೆ: ರೂಫ್ ಮೇಲೆ ದೊಡ್ಡ ಡಬ್ಬ ಕಟ್ಟಿದರೆ ಸಿಟಿಯಲ್ಲಿ ಮೈಲೇಜ್ ಶೇ. 2ರಿಂದ 8ರಷ್ಟು, ಗಂಟೆಗೆ 105–120 ಕಿ.ಮೀ. ವೇಗದಲ್ಲಿ ಶೇ. 10ರಿಂದ 25ರಷ್ಟು ಬೀಳುತ್ತದೆ. ಅದೇ ಸಾಮಾನನ್ನು ಗಾಡಿಯ ಹಿಂಬದಿಗೆ ಕಟ್ಟಿದರೆ ಹೈವೇಯಲ್ಲಿ ಶೇ. 1ರಿಂದ 5. ತೂಕದ್ದು ಇನ್ನೂ ಕಮ್ಮಿ, 45 ಕೆ.ಜಿ.ಗೆ ಸುಮಾರು ಶೇ. 1. ಅಂದರೆ ನನ್ನ ಸ್ಟ್ಯಾಂಡುಗಳ ಭಾರ ಅಲ್ಲ, ಅವು ಇರುವ ಜಾಗವೇ ದುಬಾರಿ. ಚಾಮುಂಡಿ ಬೆಟ್ಟ ಹತ್ತುವಾಗ ಮಾತ್ರ ಇದು ಉಲ್ಟಾ. ಅಲ್ಲಿ ವೇಗ ಇಲ್ಲ, ಗಾಳಿಯ ಮಾತಿಲ್ಲ, ಪ್ರತಿ ಕೆ.ಜಿ.ಯನ್ನೂ ಎಂಜಿನ್ ಎತ್ತಬೇಕು.

ಗಾಳಿ ಎಲ್ಲಿ ಹೊಡೆಯುತ್ತದೆ ಅಂತ ನೋಡಬೇಕಾದರೆ ಸಂಜೆ ಹೊತ್ತು ಮದ್ದೂರು, ಮಂಡ್ಯದ ಗದ್ದೆ ಬಯಲು ದಾಟಿ ಬಂದು ಗಾಡಿಯ ಮುಂದೆ ನಿಲ್ಲಿ. ಕ್ಯಾರಿಯರ್‌ನ ಮುಂದಿನ ಪಟ್ಟಿಗೆ ಹುಳಗಳು ಸಾಲಾಗಿ ಅಂಟಿ ಒಣಗಿರುತ್ತವೆ, ಟಾರ್ಪಾಲಿನ ಮುಂಭಾಗದಲ್ಲಿ ಇನ್ನೂ ದಟ್ಟವಾಗಿ. ಹಿಂದಿನ ಪಟ್ಟಿಯಲ್ಲಿ ಒಂದೋ ಎರಡೋ. ಬಾನೆಟ್ ಮೇಲಿನ ಇಳಿಜಾರಿನಲ್ಲಿ ಅಷ್ಟಿಲ್ಲ, ಅಲ್ಲಿ ಗಾಳಿ ಜಾರಿಕೊಂಡು ಹೋಗುತ್ತದೆ.

ಇದನ್ನು ನೋಡಿದ ಮೇಲೆ ಲೋಡ್ ಹಾಕುವ ರೀತಿಯನ್ನೇ ಬದಲಾಯಿಸಿದೆ. ಎರಡು ಪೆಟ್ಟಿಗೆ ಇದ್ದರೆ ಅಕ್ಕಪಕ್ಕ ಇಡುವುದಿಲ್ಲ, ಒಂದರ ಹಿಂದೆ ಒಂದು ಇಡುತ್ತೇನೆ, ಎದುರಿನ ಮುಖ ಅರ್ಧ ಆಗುತ್ತದೆ. ಏನನ್ನೂ ನಿಲ್ಲಿಸಿ ಕಟ್ಟುವುದಿಲ್ಲ, ಮಲಗಿಸಿ ಕಟ್ಟುವುದು. ಉದ್ದನೆಯ ಪೈಪು ಗಾಡಿಯ ಉದ್ದಕ್ಕೇ. ಟಾರ್ಪಾಲಿನ ಮುಂದಿನ ಅಂಚನ್ನು ಸಾಮಾನಿನ ಕೆಳಗೆ ಮಡಚಿ ತೂರಿಸಿ, ಆಮೇಲೆ ಹಗ್ಗ ಬಿಗಿಯುವುದು. ಪಟಪಟ ಅಂತ ಹೊಡೆದುಕೊಳ್ಳುವ ಟಾರ್ಪಾಲು ಸದ್ದಷ್ಟೇ ಮಾಡುವುದಿಲ್ಲ, ಡೀಸೆಲ್ಲನ್ನೂ ತಿನ್ನುತ್ತದೆ. ಹಿಂದಿನ ಸೀಟು ಮಡಚಿದರೆ ಒಳಗೇ ಹಿಡಿಸುವ ಸಾಮಾನು ಒಳಗೇ. ಜಿಬ್ ಬೇಡದ ಕೆಲಸಕ್ಕೆ ಕ್ಯಾರಿಯರ್ ಬಿಚ್ಚಿ ಮನೆ ಗೋಡೆಗೆ ಒರಗಿಸಿಡುತ್ತೇನೆ. ಒಂದು ಸ್ಪ್ಯಾನರ್, ಹಿಡಿದುಕೊಳ್ಳಲು ಇನ್ನೊಬ್ಬ, ಸಾಕು. ನಟ್ಟುಗಳಿಗೆ ಗ್ರೀಸ್ ಹಚ್ಚಿಡಿ, ಇಲ್ಲದಿದ್ದರೆ ಮಳೆಗಾಲ ಮುಗಿಯುವ ಹೊತ್ತಿಗೆ ತುಕ್ಕು ಹಿಡಿದು ಕೂತಿರುತ್ತವೆ.

ಬೇರೆ ಆಕ್ಸೆಸರೀಸ್ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಬಂಪರ್ ಮುಂದೆ ಹಾಕಿಸುವ ಕಬ್ಬಿಣದ ಬುಲ್ ಗಾರ್ಡ್ ಮೈಲೇಜ್‌ಗಿಂತ ಕಾನೂನಿನ ವಿಷಯ. 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಇಲಾಖೆ ಅದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ಗೆ ವಿರುದ್ಧ ಅಂತ ರಾಜ್ಯಗಳಿಗೆ ಪತ್ರ ಬರೆದಿದೆ, ಗುದ್ದಿದಾಗ ಏರ್‌ಬ್ಯಾಗ್ ಸರಿಯಾಗಿ ಬಿಚ್ಚದೇ ಹೋಗಬಹುದು ಅನ್ನುವ ಭಯ ಬೇರೆ. ತೆಗೆಸಿಬಿಡಿ. ಕಿಟಕಿ ಮೇಲೆ ಅಂಟಿಸುವ ಡೋರ್ ವೈಸರ್‌ನಿಂದ ನನಗೆ ಅಳೆಯುವಷ್ಟು ವ್ಯತ್ಯಾಸ ಕಾಣಲಿಲ್ಲ. ಅಂಗಡಿಯಲ್ಲಿ ಅಂಟಿಸಿಕೊಡುವ ಸ್ಪಾಯ್ಲರ್‌ಗೆ "ಮೈಲೇಜ್ ಬರುತ್ತೆ ಸಾರ್" ಅನ್ನುತ್ತಾರೆ. ಆ ಗಾಡಿಗೆ ಅಂತ ಅಳೆದು ಮಾಡದ ರೆಕ್ಕೆ ಚೆಂದಕ್ಕೆ ಮಾತ್ರ.

ಅಗಲ ಟೈರಿನದ್ದು ತಮಾಷೆ. ನಮ್ಮ ಅಕ್ಕನ ಮಗ ಹ್ಯಾಚ್‌ಬ್ಯಾಕಿಗೆ ದಪ್ಪ ಟೈರು, ಅಲಾಯ್ ಹಾಕಿಸಿ, "ಮಾವ, ಮೈಲೇಜ್ ಪೂರ್ತಿ ಬಿದ್ದೋಯ್ತು" ಅಂತ ಬಂದ. ಬಿದ್ದಿದ್ದು ನಿಜ, ಅಗಲ ಟೈರಿಗೆ ಎಳೆತ ಜಾಸ್ತಿ, ಗಾಳಿಗೂ ಎದುರಾಗುತ್ತದೆ. ಆದರೆ ಅವನ ಟೈರಿನ ಸುತ್ತಳತೆಯೇ ಹಳೆಯದಕ್ಕಿಂತ ದೊಡ್ಡದು. ಚಕ್ರ ಒಂದು ಸುತ್ತಿಗೆ ಜಾಸ್ತಿ ದೂರ ಹೋಗುತ್ತದೆ, ಮೀಟರ್ ಹಳೇ ಲೆಕ್ಕದಲ್ಲೇ ಎಣಿಸುತ್ತದೆ, ಹಾಗಾಗಿ ಓಡಿದ್ದಕ್ಕಿಂತ ಕಮ್ಮಿ ಕಿಲೋಮೀಟರ್ ತೋರಿಸುತ್ತದೆ. ಅವನ ನಷ್ಟದಲ್ಲಿ ಒಂದು ಪಾಲು ಬರೀ ಮೀಟರಿನದು. ಸ್ಪೀಡೂ ಕಮ್ಮಿ ತೋರಿಸುತ್ತದೆ, ಹೈವೇ ಕ್ಯಾಮೆರಾ ಮುಂದೆ ಹುಷಾರು ಅಂತ ಹೇಳಿ ಕಳಿಸಿದೆ.

ಹುಡುಗರಿಗೆ 85 ಅಂದರೆ ಬೇಜಾರು. "ಅಣ್ಣ, ಬಸ್ಸೇ ಮುಂದೆ ಹೋಗ್ತಿದೆ" ಅಂತಾರೆ. ಪೂರ್ತಿ 118 ಕಿಲೋಮೀಟರಿಗೆ 100ಕ್ಕೂ 85ಕ್ಕೂ ಇರುವ ವ್ಯತ್ಯಾಸ 12 ನಿಮಿಷ, ಗಣಂಗೂರು ಟೋಲಿನಲ್ಲಿ ಕ್ಯೂ ಇದ್ದರೆ ಅದೂ ಲೆಕ್ಕಕ್ಕೆ ಬರುವುದಿಲ್ಲ. ಬೆಳಗಿನ ಜಾವದ ಮುಹೂರ್ತ ಇದ್ದರೆ ಮಾತ್ರ ನಾನೂ 100ಕ್ಕೆ ಹೋಗುತ್ತೇನೆ, ಆವತ್ತು ಜಿಬ್ ಬೇಕಿದ್ದರೆ ಬೆಂಗಳೂರಲ್ಲೇ ಬಾಡಿಗೆಗೆ ಹೇಳಿಬಿಡುತ್ತೇನೆ.