ಆನ್‌ಲೈನ್ ದಿನಚರಿಯನ್ನು ನಾವೇ ಪರೀಕ್ಷಿಸಿಕೊಳ್ಳುವ ಬಗೆ

ಆನ್‌ಲೈನ್‌ನಲ್ಲಿ ದಿನಚರಿ ಬರೆಯುವ ಗೆಳೆಯರೇ, ಬರೆದದ್ದನ್ನು ಒಂದು ವಾರ ಬಿಟ್ಟು, ಬಿಸಿಲಿನಲ್ಲಿ ನಿಂತು ಮೊಬೈಲ್‌ನಲ್ಲಿ ಓದಿ ನೋಡಿ. ತಿಳಿ ಬೂದು ಬಣ್ಣದ ಅಕ್ಷರಗಳು ಅಲ್ಲಿ ಕಣ್ಣಿಗೇ ಬೀಳುವುದಿಲ್ಲ. ಬಿಳಿಯ ಮೇಲೆ ಕಡುಗಪ್ಪು ಇದ್ದರೆ ಸಾಕು.

ಕನ್ನಡದಲ್ಲಿ ಬರೆಯುವಾಗಿನ ತೊಡಕು ಬೇರೆಯೇ ಇದೆ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಇಂಗ್ಲಿಷಿಗೆಂದು ಹೊಂದಿಸಿದ ಅಂತರದಲ್ಲಿ ‘ರಾಷ್ಟ್ರ’, ‘ಸ್ತ್ರೀ’ಯಂಥ ಪದಗಳ ಒತ್ತುಗಳು ಕೆಳಸಾಲಿನ ಗುಡಿಸು, ತಲಕಟ್ಟುಗಳಿಗೆ ತಾಗುತ್ತವೆ, ಓದುಗರ ಕಣ್ಣು ದಣಿಯುತ್ತದೆ. ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ 1.6ರಿಂದ 1.8 ಪಟ್ಟು ಇಡಿ. ನನಗೆ 1.7 ಹಿತವೆನಿಸಿದೆ. ಹಳೆಯ ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಯೂನಿಕೋಡ್ (ಎಲ್ಲ ಸಾಧನಗಳಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದೆ ಟೈಪಿಸಿದ ಪುಟಗಳಿದ್ದರೆ ದಯವಿಟ್ಟು ಯೂನಿಕೋಡಿಗೆ ಪರಿವರ್ತಿಸಿಯೇ ಹಾಕಿ. ಇಲ್ಲದಿದ್ದರೆ ಆ ಫಾಂಟ್ ಇಲ್ಲದವರಿಗೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ಸಾಲು, ಹುಡುಕಾಟಕ್ಕೂ ಅದು ಸಿಗುವುದಿಲ್ಲ.

ಬರವಣಿಗೆಯನ್ನು ಗಟ್ಟಿಯಾಗಿ ಓದಿ. ನಾಲಿಗೆ ತಡವರಿಸಿದ ಕಡೆ ವಾಕ್ಯವನ್ನು ಮುರಿಯಿರಿ. ‘ಇಂದು ಬಹಳ ಸಂತೋಷವಾಯಿತು’ ಎಂಬ ಸಾಲು ಯಾರದಾದರೂ ಆಗಬಹುದು. ‘ಹೊಸ ಕನ್ನಡಕ ಹಾಕಿಕೊಂಡು ಅಮ್ಮ ಪಂಚಾಂಗವನ್ನು ತಾವೇ ಓದಿದರು’ ಎಂದು ಬರೆದರೆ ಆ ದಿನ ನಿಮ್ಮದೇ ಆಗುತ್ತದೆ.

ಮನೆಯವರ ಕಾಯಿಲೆ, ಮಕ್ಕಳ ಶಾಲೆ, ನೆರೆಯವರ ಹೆಸರು ಬಂದಿದ್ದರೆ ಅವರನ್ನು ಕೇಳದೆ ಪ್ರಕಟಿಸಬೇಡಿ. ಇದರಲ್ಲಿ ನಾನು ಯಾವ ರಿಯಾಯಿತಿಯನ್ನೂ ಒಪ್ಪುವುದಿಲ್ಲ.